ಉದ್ಯೋಗ ಕಡಿತ: ಸುದ್ದಿ ತಿಳಿಸುವವರ ಹೊರೆ

ಬೇಡಿಕೆ ಕುಸಿದಾಗ ಅಥವಾ ದೊಡ್ಡ ಗ್ರಾಹಕರ ಆರ್ಡರ್ ನಿಂತಾಗ ಕಾರ್ಮಿಕರ ಸಂಖ್ಯೆಯನ್ನು ಇಳಿಸುವುದು ಕೆಲವೊಮ್ಮೆ ಅನಿವಾರ್ಯವಾಗುತ್ತದೆ. ಕೆಲಸ ಕಳೆದುಕೊಳ್ಳುವವರ ಸಂಕಟವೇ ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸುದ್ದಿಯನ್ನು ಎದುರು ಕುಳಿತು ಹೇಳಬೇಕಾದ ವ್ಯವಸ್ಥಾಪಕರ ಕಡೆಗೆ ನಮ್ಮ ಗಮನ ಹರಿಯುವುದು ಅಪರೂಪ.

ಸಣ್ಣ ಘಟಕಗಳಲ್ಲಿ ಈ ಕಷ್ಟ ಹೆಚ್ಚು. ಇಲ್ಲಿ ಪ್ರತ್ಯೇಕ ಸಿಬ್ಬಂದಿ ವಿಭಾಗವಿರುವುದು ಕಡಿಮೆ. ಕಾರ್ಮಿಕನನ್ನು ಸೇರಿಸಿಕೊಂಡು, ಯಂತ್ರದ ಮುಂದೆ ನಿಲ್ಲಿಸಿ ಕೆಲಸ ಕಲಿಸಿ, ಅವನ ಮನೆಯ ಮದುವೆಗೂ ಹೋಗಿಬಂದವರೇ ಅವನ ಕೈಗೆ ನೋಟಿಸ್ ಕೊಡಬೇಕಾಗುತ್ತದೆ. ತೀರ್ಮಾನ ಮಾಲೀಕರದು, ನಿಷ್ಠುರ ವ್ಯವಸ್ಥಾಪಕರಿಗೆ. ನಿದ್ರೆ ಕೆಡುವುದು, ಉಳಿದ ಕಾರ್ಮಿಕರ ಮುಖ ನೋಡಲು ಹಿಂಜರಿಯುವುದು, ಕೊನೆಗೆ ತಾವೇ ಕೆಲಸ ಬಿಡುವುದು, ಹೀಗೆ ಅದರ ಪರಿಣಾಮ ಬೆಳೆಯಬಹುದು. ಅನುಭವಿ ವ್ಯವಸ್ಥಾಪಕರೊಬ್ಬರನ್ನು ಕಳೆದುಕೊಂಡ ನಷ್ಟ ಅಢಾವೆ ಪತ್ರಿಕೆಯಲ್ಲಿ ಕಾಣುವುದಿಲ್ಲ.

ಮೊದಲು ಲೆಕ್ಕ, ನಂತರ ಮಾತು

“ನನಗೆ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ?” ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಕುಳಿತುಕೊಳ್ಳುವುದೇ ವ್ಯವಸ್ಥಾಪಕರಿಗೆ ಅತಿ ಕಠಿಣ. 21 ನವೆಂಬರ್ 2025ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರ ಪ್ರಕಾರ, 300ಕ್ಕಿಂತ ಕಡಿಮೆ ಕಾರ್ಮಿಕರಿರುವ ಘಟಕದಲ್ಲಿ ಒಂದು ವರ್ಷ ಸತತ ಸೇವೆ ಸಲ್ಲಿಸಿದವರಿಗೆ ಕಾರಣ ಸಹಿತವಾದ ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಅದರ ಬದಲು ವೇತನ ಸಲ್ಲಬೇಕು. ಜೊತೆಗೆ ಪ್ರತಿ ಪೂರ್ಣ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರ ಕೊಡಬೇಕು. ಮರುಕೌಶಲ ನಿಧಿಗೆ 15 ದಿನಗಳ ವೇತನ ಪ್ರತ್ಯೇಕ. ಬಾಕಿ ವೇತನವನ್ನು ವೇತನ ಸಂಹಿತೆಯಂತೆ ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. ಇವುಗಳೊಡನೆ ಗ್ರಾಚ್ಯುಟಿ, ಪಿ.ಎಫ್. ವಿವರಗಳನ್ನೂ ಸೇರಿಸಿ ಒಬ್ಬೊಬ್ಬರ ಲೆಕ್ಕದ ಹಾಳೆಯನ್ನು ಮೊದಲೇ ಸಿದ್ಧಪಡಿಸಿಕೊಡಿ.

ಕೊನೆಗೆ ಸೇರಿದವರನ್ನು ಮೊದಲು ಬಿಡಬೇಕೆಂಬುದು ಸಾಮಾನ್ಯ ನಿಯಮ. ಅದನ್ನು ಪಾಲಿಸಿದರೆ ಹೆಸರು ಆರಿಸಿದ ಅಪವಾದ ವ್ಯವಸ್ಥಾಪಕರ ಮೇಲೆ ಬರುವುದಿಲ್ಲ. ಒಂದು ವರ್ಷದೊಳಗೆ ಮತ್ತೆ ನೇಮಕ ಮಾಡುವುದಾದರೆ ಇವರಿಗೇ ಆದ್ಯತೆ ಎಂಬುದನ್ನೂ ಅವರು ಧೈರ್ಯವಾಗಿ ಹೇಳಬಹುದು. ಅದಕ್ಕೆ ಮೀರಿದ ಭರವಸೆಯನ್ನು ಅವರ ಬಾಯಿಂದ ಹೇಳಿಸಬಾರದು.

ಮಾಲೀಕರ ಕರ್ತವ್ಯ

1. ತೀರ್ಮಾನದ ಕಾರಣವನ್ನು ವ್ಯವಸ್ಥಾಪಕರಿಗೆ ಮುಂಚಿತವಾಗಿ, ಅಂಕಿ-ಅಂಶ ಸಹಿತ ತಿಳಿಸಿ. ನಂಬದ ಮಾತನ್ನು ಯಾರೂ ಸಮಾಧಾನದಿಂದ ಹೇಳಲಾರರು.

2. ಸುದ್ದಿ ತಿಳಿಸುವ ದಿನ ಊರು ಬಿಡಬೇಡಿ. ಸಾಧ್ಯವಾದಷ್ಟೂ ಜೊತೆಯಲ್ಲಿ ಕುಳಿತು “ಇದು ನನ್ನ ತೀರ್ಮಾನ” ಎಂದು ನೀವೇ ಹೇಳಿ.

3. ಮರುದಿನವೇ ಉತ್ಪಾದನೆಯ ಗುರಿ ಕೇಳಬೇಡಿ. ಅವರನ್ನು ಕರೆದು ಮಾತನಾಡಿಸಿ. ಎರಡು ದಿನ ರಜೆ ಕೊಡಿ.

4. ವಾರಗಳು ಕಳೆದರೂ ನಿದ್ರಾಹೀನತೆ, ಖಿನ್ನತೆ ಮುಂದುವರಿದರೆ 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ರ ವಿಷಯ ತಿಳಿಸಿ. ಕನ್ನಡದಲ್ಲಿಯೂ ಮಾತನಾಡಬಹುದು.

ಇವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಕಿಲ್ಲ, ಮಾಲೀಕರ ಸಮಯ ಬೇಕು. ವ್ಯಾಪಾರ ಚೇತರಿಸಿಕೊಂಡಾಗ ಬಿಟ್ಟುಹೋದ ಕಾರ್ಮಿಕರನ್ನು ಮತ್ತೆ ಕರೆತರಬೇಕಾದವರೂ ಇದೇ ವ್ಯವಸ್ಥಾಪಕರು ಎಂಬುದನ್ನು ಮರೆಯಬಾರದು.