ಅಣ್ಣನ ಹುಟ್ಟುಹಬ್ಬಕ್ಕೆ ಬೋರ್ಷ್

ಮಾರ್ಚ್ 4 ಅಣ್ಣನ ಹುಟ್ಟುಹಬ್ಬ. 2022ರಿಂದೀಚೆಗೆ ನಮ್ಮ ಮನೆಯಲ್ಲಿ ಆ ದಿನದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಈ ಸಲ ಅವನೇ ಫೋನ್ ಮಾಡಿ, ‘ತಂಗಿ, ಹಾವೇರಿಯಿಂದ ಬರುವಾಗ ಬೀಟ್‌ರೂಟ್, ಕ್ಯಾಬೇಜ್, ಸಬ್ಬಸಿಗಿ ತಗೊಂಡು ಬಾ. ಬೋರ್ಷ್ ಮಾಡೂಣು’ ಅಂದ. ನಾನು ಕಾಲೇಜು ಮುಗಿಸಿ ಚೀಲ ಹಿಡಿದು ಬ್ಯಾಡಗಿ ಬಸ್ ಹತ್ತಿದೆ.

ಬೋರ್ಷ್ ಎಂದರೆ ಉಕ್ರೇನಿನ ಬೀಟ್‌ರೂಟ್ ಸಾರು. ಅಣ್ಣ ಹಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಗ ಬಾಡಿಗೆ ಮನೆಯ ಅಜ್ಜಿ ಕಲಿಸಿದ್ದಂತೆ. ಯುದ್ಧ ಶುರುವಾದ ಮೇಲೆ ನೆಲಮಾಳಿಗೆಯಲ್ಲಿ ಅಡಗಿದ್ದ ಹುಡುಗರಿಗೆ ಆಕೆ ದೊಡ್ಡ ಪಾತ್ರೆಯಲ್ಲಿ ಅದನ್ನೇ ಮಾಡಿ ತರುತ್ತಿದ್ದಳು.

ನಾನಾಗ ಪಿಯುಸಿ ಮೊದಲ ವರ್ಷ. ಮಾರ್ಚ್ 1ರಂದು ರಾಣೆಬೆನ್ನೂರಿನ ಚಿಗವ್ವ ಫೋನ್ ಮಾಡಿ ‘ಟಿವಿ ಹಚ್ಚರಿ’ ಅಂದಳು. ನಮ್ಮ ಕಿವಿಗೆ ಮೊದಲು ಬಿದ್ದದ್ದು ‘ಹಾವೇರಿ ಜಿಲ್ಲೆಯ ಹುಡುಗ’ ಎಂಬುದಷ್ಟೇ. ಅಣ್ಣನ ಫೋನ್ ಹತ್ತುತ್ತಿರಲಿಲ್ಲ. ಆಮೇಲೆ ಹೆಸರು ಬಂತು: ರಾಣೆಬೆನ್ನೂರು ತಾಲ್ಲೂಕು ಚಳಗೇರಿಯ ನವೀನ್. ಊಟದ ಸಾಮಾನಿಗೆಂದು ಹೊರಗೆ ಹೋಗಿ ಅಂಗಡಿಯ ಸರದಿಯಲ್ಲಿ ನಿಂತಿದ್ದಾಗ ದಾಳಿಗೆ ಸಿಕ್ಕಿದ್ದ. ಹೆಸರು ಕೇಳಿ ಅವ್ವನಿಗೆ ಜೀವ ಬಂದಂತಾಯಿತು. ಹಾಗೆ ಜೀವ ಬಂದದ್ದಕ್ಕೇ ಆಕೆ ರಾತ್ರಿಯೆಲ್ಲ ಅತ್ತಳು.

ಮರುದಿನ ಹಾರ್ಕಿವ್ ಬಿಡಿ ಎಂದು ರಾಯಭಾರ ಕಚೇರಿ ಸೂಚಿಸಿದಾಗ ಅಣ್ಣ ಗೆಳೆಯರ ಜೊತೆ ಪಿಸೊಚಿನ್‌ಗೆ ನಡೆದೇ ಹೋದ. ಹುಟ್ಟುಹಬ್ಬದ ದಿನ ಅಲ್ಲೇ ಇದ್ದ. ಅವತ್ತು ಸಿಕ್ಕಿದ್ದು ಒಂದು ತುಂಡು ಬ್ರೆಡ್, ಅರ್ಧ ಲೋಟ ಸೂಪ್. ಇದನ್ನು ಅವನು ಹೇಳಿದ್ದೇ ಮೊನ್ನೆ, ಬೀಟ್‌ರೂಟ್ ತುರಿಯುತ್ತ. ಆಪರೇಷನ್ ಗಂಗಾ ವಿಮಾನದಲ್ಲಿ ಅವನು ಊರಿಗೆ ಬಂದ ಮೇಲೆ, ಮಾರ್ಚ್ 21ಕ್ಕೆ ನವೀನ್ ಅವರ ದೇಹ ಚಳಗೇರಿಗೆ ಬಂತು. ತಂದೆ–ತಾಯಿ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಅಲ್ಲಿಂದ ಮುಂದೆ ಅಣ್ಣ ಕೇಕ್ ಮುಟ್ಟಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ.

ಬೇರೆ ದೇಶದಲ್ಲಿ ಕೋರ್ಸ್ ಮುಗಿಸಿ ಈಗ ಮನೆಯಲ್ಲೇ ಎಫ್‌ಎಂಜಿಇಗೆ ಓದುತ್ತಿದ್ದಾನೆ. 300 ಪ್ರಶ್ನೆ, ಪಾಸಾಗಲು 150 ಬೇಕು. ಸಿಕ್ಕವರೆಲ್ಲ ‘ಡಾಕ್ಟರ್ ಆದ್ಯಾ?’ ಅಂತ ಕೇಳುವ ಊರಿನಲ್ಲಿ ಓದುವುದು ಪರೀಕ್ಷೆಗಿಂತ ಕಷ್ಟ!

ಈಗ ಅಡುಗೆ. ಬೀಟ್‌ರೂಟ್ ತುರಿಯನ್ನು ಎಣ್ಣೆಯಲ್ಲಿ ಹುರಿಯುವಾಗಲೇ ಎರಡು ಚಮಚ ವಿನೆಗರ್ ಹಾಕಬೇಕು, ಇಲ್ಲದಿದ್ದರೆ ಕೆಂಪು ಬಣ್ಣ ಉಳಿಯುವುದಿಲ್ಲ. ಬೇರೆ ಪಾತ್ರೆಯಲ್ಲಿ ಆಲೂಗಡ್ಡೆ, ಗಜ್ಜರಿ, ಕ್ಯಾಬೇಜ್ ಬೇಯಿಸಿ ಎರಡನ್ನೂ ಕೂಡಿಸಬೇಕು. ಅಲ್ಲಿ ಮಾಂಸದ ಸಾರಿನಲ್ಲಿ ಮಾಡುವುದೇ ಹೆಚ್ಚು. ನಮ್ಮ ಮನೆಯಲ್ಲಿ ಮಾಂಸವಿಲ್ಲ, ಅದಕ್ಕೆ ಬೀನ್ಸ್ ಕಾಳು ಹಾಕಿದೆವು. ಉಕ್ರೇನಿನಲ್ಲೂ ಉಪವಾಸದ ದಿನಗಳಲ್ಲಿ ಹೀಗೆ ಮಾಡುವುದುಂಟಂತೆ. ಕೊನೆಗೆ ಸಬ್ಬಸಿಗಿ. ನಮ್ಮ ಸಂತೆಯ ಸೊಪ್ಪು ಆ ದೇಶದ ಅಡುಗೆಯಲ್ಲೂ ಇದೆ ಎನ್ನುವುದೇ ನನಗೆ ಸೋಜಿಗ. ಬೋರ್ಷ್ ಮಾಡುವ ಪದ್ಧತಿಯನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಯುನೆಸ್ಕೊ ಸೇರಿಸಿದ್ದೂ ಆ 2022ರಲ್ಲೇ.

ಅವ್ವ ಇಣುಕಿ ನೋಡಿ, ‘ಇದೇನೋ, ಹೋಳಿ ಬಣ್ಣಧಂಗ ಐತಿ’ ಅಂದಳು. ರುಚಿ ನೋಡಿ, ‘ಸಪ್ಪಗೈತಿ’ ಎಂದು ನಾವು ತಡೆಯುವಷ್ಟರಲ್ಲಿ ಬ್ಯಾಡಗಿ ಮೆಣಸಿನಕಾಯಿ ಪುಡಿ ಉದುರಿಸಿಯೇ ಬಿಟ್ಟಳು. ಅಪ್ಪ ಮಾತಿಲ್ಲದೆ ಜೋಳದ ರೊಟ್ಟಿ ಮುರಿದು ಅದರಲ್ಲಿ ಅದ್ದಿದರು. ಹುಳಿ ಕೆನೆ ಸಿಗದ್ದಕ್ಕೆ ಗಟ್ಟಿ ಮೊಸರು ಹಾಕಿದ್ದೆವು. ಅಣ್ಣ ಎರಡು ಬಟ್ಟಲು ಉಂಡು, ಮೂರನೆಯದನ್ನು ಬಡಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತ. ಅವ್ವ ಅವನ ತಲೆ ಮೇಲೆ ಕೈಯಿಟ್ಟಳು, ಏನೂ ಕೇಳಲಿಲ್ಲ.

ಹಾರ್ಕಿವ್ ಅಜ್ಜಿಗೆ ಫೋಟೊ ಕಳಿಸಿದೆವು. ಉತ್ತರ ಬಂದದ್ದು ಮರುದಿನ, ರಾತ್ರಿ ಕರೆಂಟ್ ಇರಲಿಲ್ಲವಂತೆ. ಧ್ವನಿ ಸಂದೇಶ ಕೇಳಿ ಅಣ್ಣ ಬಿದ್ದು ಬಿದ್ದು ನಕ್ಕ. ‘ಮೊಸರು ಹಾಕಿದ್ರ ಅದು ಬೋರ್ಷ್ ಅಲ್ಲ ಅಂತಾಳ. ಆ ಕೆಂಪು ಪುಡಿ ಏನು ಅಂತ ಕೇಳ್ಯಾಳ.’

ಅವ್ವ ಆಗಲೇ ಅರ್ಧ ಕಿಲೊ ಮೆಣಸಿನಕಾಯಿ ಕಟ್ಟಿಟ್ಟು, ಅಲ್ಲಿಗೆ ಪಾರ್ಸೆಲ್ ಹೋಗುತ್ತದೆಯೇ ಎಂದು ಪೋಸ್ಟ್ ಆಫೀಸಿನಲ್ಲಿ ಕೇಳಿ ಬಾ ಅಂತ ನನ್ನ ಬೆನ್ನು ಹತ್ತಿದ್ದಾಳೆ.