ನಿಮಗಿದು ಗೊತ್ತೆ? ಚಂಡೀಜಪ ಮಾಡಿಸಿದ ಸುಲ್ತಾನ!

ಯುದ್ಧದಲ್ಲಿ ಜಯ ಸಿಗಲೆಂದು ಶತಚಂಡಿ, ಸಹಸ್ರಚಂಡಿ ಜಪ ನಡೆಸಲು ಶೃಂಗೇರಿ ಸ್ವಾಮಿಗಳನ್ನು ಕೋರಿದವನು ಟಿಪ್ಪು ಸುಲ್ತಾನ್. ಹುಟ್ಟಿದ್ದು ನಮ್ಮ ದೇವನಹಳ್ಳಿಯಲ್ಲೇ!

ಅದು 1791. ಮರಾಠಾ ದಂಡು ಶೃಂಗೇರಿಗೆ ನುಗ್ಗಿ ಮಠವನ್ನು ಲೂಟಿ ಮಾಡಿತ್ತು. ಶಾರದೆಯ ಮೂರ್ತಿಯನ್ನೂ ಬಿಡಲಿಲ್ಲ. ಸಚ್ಚಿದಾನಂದ ಭಾರತಿ ಸ್ವಾಮಿಗಳು ಕಾರ್ಕಳ ಸೇರಬೇಕಾಯಿತು. ದೇವಿಯ ಮರುಪ್ರತಿಷ್ಠೆಗೆ ಹಣ, ಸಾಮಗ್ರಿ ಕೊಡಿಸಿದ್ದು ಟಿಪ್ಪು. ಅವನ ಪತ್ರಗಳು ಸ್ವಾಮಿಗಳನ್ನು ಕರೆಯುವುದು ‘ಜಗದ್ಗುರು’ ಎಂದೇ. ಅದೂ ಕನ್ನಡದಲ್ಲಿ!

ಕೊಡಗು, ಮಲಬಾರಿನವರು ನೆನೆಯುವ ಟಿಪ್ಪು ಬೇರೆಯೇ. ಅವನು ಎಂಥವನೆಂಬ ಜಗಳ ಈ ಪುಟ್ಟ ಚೌಕಟ್ಟಿನಲ್ಲಿ ತೀರುವಂಥದ್ದಲ್ಲ. ಶೃಂಗೇರಿ ಮಠದ ಕಡತಗಳಲ್ಲಿ ಅಡಗಿದ್ದ ಟಿಪ್ಪುವಿನ ಪತ್ರಗಳನ್ನು ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು, 1916ರಲ್ಲಿ.