ಬೀಜದ ನೋವು: ನಾಚಿಕೆ ಆಮೇಲೆ, ಗಡಿಯಾರ ಮೊದಲು

ಇವತ್ತಿನ ವಿಷಯ ಮನೆಯಲ್ಲಿ ಯಾರೂ ಬಾಯಿಬಿಟ್ಟು ಮಾತಾಡದಂಥದ್ದು: ವೃಷಣದ, ಅಂದರೆ ಬೀಜದ ನೋವು ಮತ್ತು ಊತ. ನಾನು ಕುಣಿಗಲ್ ತಾಲ್ಲೂಕಿನ ಅಮೃತೂರು ಕಡೆಯವನು. ನಮ್ಮಲ್ಲಿ ಹುಡುಗರು ಇದನ್ನ ಹೇಳಿಕೊಳ್ಳೋದೇ ಕಷ್ಟ. ಹೇಳಿದರೂ "ಹೊಟ್ಟೆ ನೋವು" ಅಂತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಬೀಜದಲ್ಲಿ ತೊಂದರೆಯಾದಾಗ ಎಷ್ಟೋ ಸಲ ಕಿಬ್ಬೊಟ್ಟೆಯಲ್ಲೇ ನೋವು ಕಾಣಿಸಿಕೊಳ್ಳುತ್ತೆ. ಅದಕ್ಕೇ ಹುಡುಗ ಹೊಟ್ಟೆ ಹಿಡ್ಕೊಂಡು ಒದ್ದಾಡುತ್ತಿದ್ದರೆ "ಕೆಳಗೂ ನೋವಿದೆಯೇನಪ್ಪಾ?" ಅಂತ ಕೇಳಲೇಬೇಕು.

ಆಮೇಲೆ ಕೇಳಬೇಕಾದ್ದು, ನೋವು ಹೇಗೆ ಶುರುವಾಯ್ತು ಅಂತ. ಇದ್ದಕ್ಕಿದ್ದಂತೆ, ಒಂದೇ ಕಡೆ, ತಡೆಯಲಾರದ ನೋವು, ಜೊತೆಗೆ ವಾಂತಿ. ಬೀಜ ಮೇಲಕ್ಕೆ ಎಳೆದುಕೊಂಡ ಹಾಗೆ ಅಥವಾ ಅಡ್ಡವಾಗಿ ಕಾಣುತ್ತೆ. ಹೀಗಿದ್ದರೆ ಬೀಜ ತಿರುಚಿಕೊಂಡಿರಬಹುದು. ವೈದ್ಯರು ಇದಕ್ಕೆ ಟಾರ್ಷನ್ ಅಂತಾರೆ. ಬೀಜಕ್ಕೆ ರಕ್ತ ತರುವ ಬಳ್ಳಿ ಹಗ್ಗದಂತೆ ಹುರಿಗೊಂಡು ರಕ್ತವೇ ನಿಂತುಬಿಡುತ್ತೆ. 12ರಿಂದ 18 ವರ್ಷದ ಹುಡುಗರಲ್ಲಿ ಹೆಚ್ಚು. ಪೆಟ್ಟು ಬಿದ್ದಿರಲೇಬೇಕು ಅಂತೇನಿಲ್ಲ, ನಿದ್ದೆಯಲ್ಲೂ ಆಗುತ್ತೆ. ಸುಮಾರು 6 ಗಂಟೆಯೊಳಗೆ ಆಪರೇಷನ್ ಆದರೆ 10ರಲ್ಲಿ 9 ಸಲ ಬೀಜ ಉಳಿಯುತ್ತೆ. 24 ಗಂಟೆ ದಾಟಿದರೆ ಉಳಿಯೋದು ಅಪರೂಪ.

ಈಗ ದಾರಿ ಲೆಕ್ಕ ಹಾಕಿ. ಅಮೃತೂರಿನಿಂದ ಕುಣಿಗಲ್, ಅಲ್ಲಿಂದ ತುಮಕೂರು ಜಿಲ್ಲಾ ಆಸ್ಪತ್ರೆ. ಇಲ್ಲವೇ ಯಡಿಯೂರು ಮೇಲೆ ಬೆಳ್ಳೂರು ಕ್ರಾಸ್ ಬಳಿಯ ಬಿ.ಜಿ. ನಗರದ ಮೆಡಿಕಲ್ ಕಾಲೇಜು. ಗಾಡಿ ಹೊಂದಿಸಿ, ತಲುಪಿ, ಪರೀಕ್ಷೆಯಾಗಿ ಆಪರೇಷನ್ ಕೋಣೆ ಸೇರುವಷ್ಟರಲ್ಲಿ ಒಂದೆರಡು ಗಂಟೆ ಹೋಗಿರುತ್ತೆ. "ಬೆಳಗಾಗಲಿ ನೋಡೋಣ" ಅಂದರೆ ಉಳಿದದ್ದೂ ಹೋಯ್ತು. ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ, ಶಸ್ತ್ರಚಿಕಿತ್ಸಕರು ಇರುವ ಕಡೆಗೇ ಕರೆದೊಯ್ಯಲು ಹೇಳಿ. ಅರಿವಳಿಕೆ ಕೊಡಬೇಕಾಗಬಹುದು, ಹಾಗಾಗಿ ದಾರಿಯಲ್ಲಿ ಊಟ, ಕಾಫಿ ಬೇಡ. ಮಾತ್ರೆ ನುಂಗಿಸಿ ಕಾಯೋದಂತೂ ಬೇಡವೇ ಬೇಡ. ಹೊತ್ತು ಮೀರಿದೆ ಅನ್ನಿಸಿದರೂ ಹೋಗಿ. ಎಲ್ಲ ಸಲವೂ ಪೂರ್ತಿ ತಿರುಚಿರೋದಿಲ್ಲ.

ಒಂದೆರಡು ದಿನದಲ್ಲಿ ನಿಧಾನವಾಗಿ ಏರುವ ನೋವು, ಜ್ವರ, ಉರಿಮೂತ್ರ ಇದ್ದರೆ ಅದು ಸಾಮಾನ್ಯವಾಗಿ ಸೋಂಕು. ವಯಸ್ಸಾದವರಲ್ಲಿ ಮೂತ್ರದ ಸೋಂಕು ಅಲ್ಲಿಗೆ ಇಳಿದಿರಬಹುದು. ಯುವಕರಲ್ಲಿ ಲೈಂಗಿಕ ಸಂಪರ್ಕದಿಂದ ಬಂದಿರಬಹುದು; ಹಾಗಿದ್ದಾಗ ಸಂಗಾತಿಗೂ ಚಿಕಿತ್ಸೆ ಬೇಕು. ಮಂಗನಬಾವು ಬಂದು ಕೆನ್ನೆ ಊದಿಕೊಂಡ ಸುಮಾರು ಒಂದು ವಾರಕ್ಕೆ ಬೀಜ ಊದಿಕೊಳ್ಳುವುದೂ ಉಂಟು, ಅದೂ ಪ್ರಾಯಕ್ಕೆ ಬಂದವರಲ್ಲಿ. ಎಂ.ಎಂ.ಆರ್. ಲಸಿಕೆ ಇದರಿಂದ ಕಾಪಾಡುತ್ತೆ. ಆದರೆ ಸೋಂಕೋ ತಿರುಚೋ ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಅದನ್ನ ವೈದ್ಯರು ಮುಟ್ಟಿ ನೋಡಿ, ಬೇಕಾದರೆ ಡಾಪ್ಲರ್ ಸ್ಕ್ಯಾನ್ ಮಾಡಿಸಿ ಹೇಳಬೇಕು.

ಇನ್ನು ನೋವಿಲ್ಲದ ಊತ. ಚೀಲದಲ್ಲಿ ನೀರು ತುಂಬಿ ಭಾರವಾದರೆ ಅದು ಹೈಡ್ರೋಸೀಲ್. ಕಲಬುರಗಿ, ಬೀದರ್, ಕರಾವಳಿ ಕಡೆ ಸೊಳ್ಳೆಯಿಂದ ಹರಡುವ ಆನೆಕಾಲು ರೋಗವೂ ಇದಕ್ಕೆ ಕಾರಣ. ಮೂಟೆ ಎತ್ತುವಾಗ, ಕೆಮ್ಮುವಾಗ ಉಬ್ಬಿ, ಮಲಗಿದರೆ ಒಳಗೆ ಹೋಗುವ ಊತ ಹರ್ನಿಯಾ. ಅದು ಒಳಗೆ ಹೋಗದೆ ಗಟ್ಟಿಯಾಗಿ, ನೋವು, ವಾಂತಿ ಬಂದರೆ ಅದೂ ತುರ್ತೇ. ಕರುಳು ಸಿಕ್ಕಿಹಾಕಿಕೊಂಡಿರುತ್ತೆ.

ನೋವಿಲ್ಲ ಅಂತ ಸುಮ್ಮನೆ ಬಿಡಬಾರದ್ದು ಇನ್ನೊಂದಿದೆ. ಬೀಜದಲ್ಲೇ ಕಲ್ಲಿನಂಥ ಗಂಟು ಕೈಗೆ ಸಿಕ್ಕರೆ ಕ್ಯಾನ್ಸರ್ ಇರಬಹುದು. ಇದು 15ರಿಂದ 40 ವರ್ಷದೊಳಗಿನವರಲ್ಲೇ ಹೆಚ್ಚು. ಹುಟ್ಟಿದಾಗ ಬೀಜ ಚೀಲಕ್ಕೆ ಇಳಿಯದಿದ್ದವರು ಇನ್ನೂ ಎಚ್ಚರವಾಗಿರಬೇಕು. ಬೇಗ ಹೋದರೆ ಬಹುತೇಕ ಪೂರ್ತಿ ವಾಸಿಯಾಗುವ ಕ್ಯಾನ್ಸರ್ ಇದು. ತಿಂಗಳಿಗೊಮ್ಮೆ ಸ್ನಾನ ಮಾಡುವಾಗ ಮುಟ್ಟಿ ನೋಡಿಕೊಂಡರೆ ಸಾಕು.

ಅಪ್ಪಂದಿರಿಗೆ, ಅಮ್ಮಂದಿರಿಗೆ ನನ್ನದೊಂದು ಮಾತು. "ಅಲ್ಲಿ ನೋವಾದರೆ ರಾತ್ರಿ ಎರಡು ಗಂಟೆಯಾದರೂ ನನ್ನ ಎಬ್ಬಿಸು, ಬೈಯಲ್ಲ" ಅಂತ ಮಗನಿಗೆ ಇವತ್ತೇ ಹೇಳಿಡಿ.